ಹಸಿವಾಗದ ಶ್ರಾವಣ

ಆ ವರ್ಷದ ಶ್ರಾವಣದಲ್ಲಿ ನನಗೆ ಹಸಿವಾಗಲಿಲ್ಲ. ನನ್ನ ಕಾಯಿಲೆ ಮನೆಯೊಳಗೆ ಕಾಲಿಟ್ಟದ್ದು ಹೀಗೆ. ನೋವಿರಲಿಲ್ಲ, ಜ್ವರವಿರಲಿಲ್ಲ, ಕೈಗೆ ತಾಗುವ ಗಂಟೂ ಇರಲಿಲ್ಲ. ಹಸಿವು ಇರಲಿಲ್ಲ, ಅಷ್ಟೇ. ಅದನ್ನು ನಾನು, ನನ್ನ ಅತ್ತೆ, ನಮ್ಮ ಓಣಿಯ ಹೆಣ್ಣುಮಕ್ಕಳು ಎಲ್ಲರೂ ಕೂಡಿ ಶಿವನ ಕೃಪೆ ಎಂದು ತಿಳಿದುಕೊಂಡೆವು.

ನಮ್ಮದು ಸೇಡಂ. ನಮ್ಮ ಮನೆಯವರು ಸಿಮೆಂಟ್ ಕಾರ್ಖಾನೆಯೊಂದರಲ್ಲಿ ಲಾರಿ ತೂಗುವ ಕಡೆ ಕೆಲಸ ಮಾಡುತ್ತಾರೆ. ಮನೆಯಲ್ಲಿ ನಾವಿಬ್ಬರು ಮತ್ತು ಅವರ ತಾಯಿ ಗುರಮ್ಮ. ಮಗಳು ಸ್ನೇಹಾ ಕಲಬುರಗಿಯ ಹಾಸ್ಟೆಲಿನಲ್ಲಿದ್ದು ಓದುತ್ತಾಳೆ. ಶ್ರಾವಣ ಬಂತೆಂದರೆ ನಮ್ಮಲ್ಲಿ ತಿಂಗಳಿಡೀ ಒಪ್ಪತ್ತು, ಅಂದರೆ ದಿನಕ್ಕೆ ಒಂದೇ ಊಟ. ಬೆಳಿಗ್ಗೆ ಮಿಂದು, ಕೊರಳಿನ ಲಿಂಗವನ್ನು ಎಡಗೈ ಮೇಲಿಟ್ಟುಕೊಂಡು ಪೂಜೆ ಮಾಡಿ, ಮಧ್ಯಾಹ್ನ ಒಮ್ಮೆ ಉಂಡರೆ ಮುಗಿಯಿತು. ಸಂಜೆ ಮಠದಲ್ಲಿ ಪುರಾಣ ಕೇಳಲು ಹೋಗಬೇಕು.

ಹಿಂದಿನ ವರ್ಷಗಳಲ್ಲಿ ಒಪ್ಪತ್ತೆಂದರೆ ನನಗೆ ಪರೀಕ್ಷೆಯೇ ಆಗಿತ್ತು. ಸಂಜೆಯಾಗುತ್ತಲೇ ಅಡುಗೆಮನೆಯ ಮೂಲೆಯ ರೊಟ್ಟಿ ಬುಟ್ಟಿಯ ಕಡೆಗೆ ಕಣ್ಣು ತಾನಾಗಿ ಹೋಗುತ್ತಿತ್ತು. ಪುರಾಣ ಹೇಳುವವರು ಕೈಲಾಸದ ವರ್ಣನೆ ಮಾಡುತ್ತಿದ್ದರೆ ನನಗೆ ಶೇಂಗಾದ ಹಿಂಡಿ ನೆನಪಾಗುತ್ತಿತ್ತು. ಆ ವರ್ಷ ಮಾತ್ರ ಹಾಗಾಗಲಿಲ್ಲ. ಅರ್ಧ ರೊಟ್ಟಿ, ಎರಡು ತುತ್ತು ಪುಂಡಿಪಲ್ಯ ತಿಂದರೆ ಗಂಟಲವರೆಗೆ ತುಂಬಿಬಿಡುತ್ತಿತ್ತು. ಮಠದ ತಂಪು ಕಲ್ಲುಹಾಸಿನ ಮೇಲೆ ಕಂಬಕ್ಕೆ ಒರಗಿ ಕುಳಿತಾಗ ಒಳಗೆ ಏನೂ ಕೇಳುತ್ತಿರಲಿಲ್ಲ, ಏನೂ ಬೇಡುತ್ತಿರಲಿಲ್ಲ. ಹಿರಿಯರು ದೇಹವನ್ನು ಗೆಲ್ಲುವುದು ಎನ್ನುತ್ತಾರಲ್ಲ, ಅದು ಇದೇ ಇರಬಹುದೇ ಎಂದು ನಾನು ನಿಜವಾಗಿಯೂ ಬೆರಗಾಗಿದ್ದೆ. ನನ್ನಂಥ ಸಾಧಾರಣ ಹೆಂಗಸಿಗೂ ಇದು ಸಿಕ್ಕಿತಲ್ಲ ಎಂದು ಒಂದೆರಡು ಸಲ ಕಣ್ಣಲ್ಲಿ ನೀರೂ ಬಂದಿತ್ತು.

ಅತ್ತೆಗೆ ಹಿಡಿಸಲಾರದಷ್ಟು ಹಿಗ್ಗು. ಪುರಾಣ ಶುರುವಾಗುವ ಮೊದಲು ಹೆಂಗಸರ ಸಾಲಿನಲ್ಲಿ ಕುಳಿತು ಹೇಳಿಯೇ ಹೇಳುವರು.

“ನೋಡ್ರಿ ನಮ್ಮ ಸೊಸಿಗಿ. ಕಾನ್ವೆಂಟಿನ್ಯಾಗ ಕಲ್ತಾಕಿ, ಒಪ್ಪತ್ತು ಏನ್ ಹಿಡೀತಾಳ ಅಂತಿದ್ರಿ. ಅರ್ಧಾ ರೊಟ್ಟಿಗಿ ಕೈ ತೊಳೀತಾಳ. ಮ್ಯಾಲ ಒಂದು ಗುಟುಕು ಮಜ್ಜಿಗಿ ಸೈತ ಒಲ್ಲೆ ಅಂತಾಳ.”

ನಮ್ಮ ಎದುರು ಮನೆಯ ಮಲ್ಲಮ್ಮ ಅಲ್ಲೇ ಕೂತಿರುತ್ತಿದ್ದಳು. ಅವಳ ಹಿರಿಯರು ಕಾಗಿಣಾ ನದಿಯ ದಂಡೆಯವರು. ಅವಳು ಈಗ ಕಲ್ಲು ಪಾಲಿಶ್ ಮಾಡುವ ಕಡೆ ಕೆಲಸಕ್ಕೆ ಹೋಗುತ್ತಾಳೆ. ಬಾಯಿ ಸುಮ್ಮನಿರುವ ಹೆಂಗಸಲ್ಲ.

“ಅಜ್ಜೇರೆ, ನಿಮ್ಮ ಸೊಸಿಗಿ ಶಿವ ಒಲದಾನ ಬಿಡ್ರಿ. ನಮಗ ನೋಡ್ರಿ, ಒಪ್ಪತ್ತು ಅಂದ ಕೂಡ್ಲೇ ಹೊಟ್ಟ್ಯಾಗ ಬೆಕ್ಕು ಒದರಲಿಕ್ಕ ಸುರು ಮಾಡ್ತದ.”

“ಭಕ್ತಿ ಸಾಲದು ನಿಂಗ.”

“ಭಕ್ತಿ ಭಾಳ ಅದ್ರಿ. ರೊಟ್ಟೀನೇ ಸಾಲವಲ್ದು.”

ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಮತ್ತೆ ಎದ್ದು ಹೊರಗೆ ಹೋಗುತ್ತಿದ್ದೆ, ಏಕೆಂದರೆ ಪುರಾಣ ಅರ್ಧವಾಗುವುದರೊಳಗೆ ನನಗೆ ಒಂದಕ್ಕೆ ಹೋಗಬೇಕಾಗುತ್ತಿತ್ತು. ಅದು ಸಕ್ಕರೆ ಕಾಯಿಲೆಯ ಸೂಚನೆ ಇರಬಹುದು ಎಂದು ಒಬ್ಬರು, ವಯಸ್ಸು ಎಂದು ಇನ್ನೊಬ್ಬರು.

ಚಿಕ್ಕ ಚಿಕ್ಕ ವಿಷಯಗಳನ್ನು ನಾನು ಗಮನಿಸುವವಳು. ನನ್ನ ಬಳೆಗಳು ಸಡಿಲಾಗಿ, ಕೈ ಎತ್ತಿದರೆ ಮೊಣಕೈವರೆಗೆ ಜಾರುತ್ತಿದ್ದವು. ಅದೇ ಹೊತ್ತಿಗೆ ಲಂಗದ ಲಾಡಿ ಗಂಟು ಹಾಕಲು ಸಾಲದಷ್ಟು ಗಿಡ್ಡವಾಗುತ್ತಿತ್ತು. ತೋಳು ಸೊರಗುತ್ತಿದೆ, ನಡು ಬೆಳೆಯುತ್ತಿದೆ. ಎರಡನ್ನೂ ನೋಡಿದೆ, ಕೂಡಿಸಿ ನೋಡಲಿಲ್ಲ. ಲಾಡಿ ಬದಲಿಸಿದೆ.

ಒಮ್ಮೆ ನಮ್ಮೂರ ಡಾಕ್ಟರ ಹತ್ತಿರ ಹೋದದ್ದೂ ಉಂಟು. “ಹೊಟ್ಟೆ ಸರಿಯಿಲ್ಲ” ಎಂದೆ. ನನಗೆ ಗೊತ್ತಿದ್ದ ಮಾತು ಅದೊಂದೇ. ನಾನು ಓದಿದ್ದು ಶಹಾಬಾದಿನಲ್ಲಿ, ಸಿಸ್ಟರುಗಳ ಶಾಲೆಯಲ್ಲಿ. ನೇರ ಕೂಡುವುದು, ಮೆಲ್ಲಗೆ ಮಾತಾಡುವುದು, ಕರವಸ್ತ್ರ ಮಡಚುವುದು, ಎಲ್ಲವನ್ನೂ ಪ್ರೀತಿಯಿಂದ ಕಲಿಸಿದರು. ಆದರೆ ಕುತ್ತಿಗೆಯಿಂದ ಮೊಣಕಾಲಿನವರೆಗೆ ಹೆಣ್ಣಿಗೆ ಏನೇ ಆದರೂ ಅಲ್ಲಿ ಅದಕ್ಕೆ ಒಂದೇ ಹೆಸರು, ಹೊಟ್ಟೆನೋವು. ಮನೆಯಲ್ಲೂ ಅಷ್ಟೇ ಇತ್ತೆನ್ನಿ. ಹೊಟ್ಟೆ ಎಂದಮೇಲೆ ಡಾಕ್ಟರು ಗ್ಯಾಸಿಗೆ ಗುಳಿಗೆ ಕೊಟ್ಟರು. ನಾಲ್ಕು ದಿನ ಹಗುರವೆನಿಸಿತು.

ಶ್ರಾವಣ ಮುಗಿದು ಗೋಧಿ ಹುಗ್ಗಿ ಮಾಡಿದ ದಿನ ತಟ್ಟೆಯ ಮುಂದೆ ಕುಳಿತೆ. ಎರಡು ಚಮಚ. ಮೂರನೆಯದನ್ನು ಬಾಯಿಗೆ ಒಯ್ಯಲಾಗಲಿಲ್ಲ. ನಮ್ಮ ಮನೆಯವರು ಮಾತು ಕಡಿಮೆ. ಅಂದು ಕೈಯಲ್ಲಿ ತುತ್ತು ಹಿಡಿದು ನನ್ನನ್ನೇ ನೋಡುತ್ತಿದ್ದರು.

“ಶ್ರಾವಣ ಮುಗೀತಲ್ಲ ಶಶಿ. ಇನ್ನರೆ ಉಣ್ಣು.”

“ಉಣ್ಣಾಕತ್ತೀನಲ್ರಿ.”

“ಎಲ್ಲಿ?”

ನಾನು ಚಮಚವನ್ನು ತಟ್ಟೆಯ ಅಂಚಿಗೆ ಇಟ್ಟೆ. ಅತ್ತೆ ಏನೋ ಹೇಳಲು ಹೋಗಿ, ನನ್ನ ತಟ್ಟೆ ನೋಡಿ, ಹುಗ್ಗಿಯ ಪಾತ್ರೆಗೆ ಮುಚ್ಚಳ ಹಾಕಿದರು.

ಗಣೇಶನ ಹಬ್ಬಕ್ಕೆ ಸ್ನೇಹಾ ಬಂದಳು. ನನಗೆ ರೇಷ್ಮೆ ಸೀರೆಯ ನಿರಿಗೆ ಹಿಡಿದುಕೊಡುತ್ತ ಮೊಣಕಾಲೂರಿ ಕುಳಿತವಳು ತಟ್ಟನೆ ನಿರಿಗೆ ಬಿಟ್ಟಳು. ತಲೆಯೆತ್ತಿ ನೋಡಿದ ಅವಳ ಮುಖ ನನಗೆ ಈಗಲೂ ಕಣ್ಣ ಮುಂದಿದೆ.

“ಮಮ್ಮಿ, ಇದೇನು?” ನನ್ನ ಕಿಬ್ಬೊಟ್ಟೆಯ ಮೇಲೆ ಅಂಗೈ ಇಟ್ಟಳು. “ಇದು ಬೊಜ್ಜಲ್ಲ. ಬೊಜ್ಜು ಮೆತ್ತಗಿರ್ತದ.”

ಮರುದಿನವೇ ಸ್ಕ್ಯಾನಿಂಗಿಗೆ ಕರೆದೊಯ್ದಳು. ಹೊಟ್ಟೆಗೆ ತಣ್ಣನೆಯ ಅಂಟು ಸವರಿ ಡಾಕ್ಟರು ಅದರ ಮೇಲೆ ಯಂತ್ರವನ್ನು ಜಾರಿಸುತ್ತ ಮೊದಮೊದಲು ಊರು, ಮಗಳ ಓದು ಎಂದೆಲ್ಲ ಕೇಳುತ್ತಿದ್ದರು. ನಂತರ ಮಾತು ನಿಲ್ಲಿಸಿದರು. ಆಸ್ಪತ್ರೆಗಳಲ್ಲಿ ನಾನು ಕಲಿತ ಮೊದಲ ಪಾಠ ಇದು. ಡಾಕ್ಟರು ಮಾತು ನಿಲ್ಲಿಸಿದ ಕ್ಷಣವನ್ನು ಮೈ ಗುರುತಿಸುತ್ತದೆ. ನಾನು ಕತ್ತು ಹೊರಳಿಸಿ ಪರದೆ ನೋಡಿದೆ. ಒಳಗೆ ಕಪ್ಪು, ವಿಶಾಲವಾದ ಕಪ್ಪು, ಮಧ್ಯೆ ಬೂದು ಬಣ್ಣದ ದ್ವೀಪಗಳು.

“ಕಪ್ಪಗೆ ಕಾಣೋದು ಏನ್ರಿ?”

“ನೀರಮ್ಮ.”

ಇಷ್ಟು ನೀರನ್ನು ಹೊತ್ತುಕೊಂಡು ನಾನು ರೊಟ್ಟಿ ಬಡಿದಿದ್ದೆ, ಮಠದ ಮೆಟ್ಟಿಲು ಹತ್ತಿದ್ದೆ, ನಕ್ಕಿದ್ದೆ. ಹೆದರಿಕೆ ಬಂದದ್ದು ಆಮೇಲೆ. ಆ ಕ್ಷಣಕ್ಕೆ ಬಂದದ್ದು ಬೆರಗು. ಇಷ್ಟು ವರ್ಷ ನನ್ನದೇ ಎಂದುಕೊಂಡ ಮೈಯೊಳಗೆ ನಾನು ಕಾಣದ ಇಷ್ಟು ದೊಡ್ಡ ಊರು ಇತ್ತೇ ಎಂದು.

ಕಲಬುರಗಿಯ ದೊಡ್ಡ ಆಸ್ಪತ್ರೆಗೆ ಹೋಗಲು ಹೇಳಿದರು. ರೈಲಿನಲ್ಲಿ ಹೊರಟೆವು, ಅತ್ತೆಯೂ ಹಟ ಹಿಡಿದು ಬಂದರು. ಚಿತ್ತಾಪುರ ದಾಟಿ ವಾಡಿ ಜಂಕ್ಷನ್ನಿನಲ್ಲಿ ಗಾಡಿ ಬಹಳ ಹೊತ್ತು ನಿಂತಿತು. ವಾಡಿ ನನ್ನ ತವರು. ಅಪ್ಪ ಅಲ್ಲಿ ರೈಲ್ವೆಯಲ್ಲಿದ್ದರು. ಕಿಟಕಿಯಿಂದ ನೋಡಿದರೆ ನಾವಿದ್ದ ಕ್ವಾರ್ಟರ್ಸಿನ ಸಾಲು ಕಾಣುತ್ತದೆ. ಅಲ್ಲೇ, ನಾನು ಮೆಟ್ರಿಕ್ ಓದುತ್ತಿದ್ದಾಗ, ನಮ್ಮವ್ವ ತೀರಿಕೊಂಡಳು. ಅವಳ ಹೊಟ್ಟೆ ಉಬ್ಬಿತ್ತು. ಜಲೋದರ ಅಂದರು. ಕುಂಚಾವರಂ ಕಾಡಿನ ಕಡೆಯಿಂದ ಯಾರೋ ಬೇರು ತಂದುಕೊಟ್ಟರು. ಅವಳೂ ಊಟದ ತಟ್ಟೆಯನ್ನು ಹಾಗೆಯೇ ಸರಿಸುತ್ತಿದ್ದಳು. ಗಾಡಿ ನಿಂತಷ್ಟು ಹೊತ್ತೂ ನಾನು ಆ ಸಾಲನ್ನೇ ನೋಡಿದೆ.

ಆಸ್ಪತ್ರೆಯ ಕಾಯುವ ಹಾಲಿನಲ್ಲಿ ನೆಲಕ್ಕೆ ನಮ್ಮ ಕಡೆಯದೇ ಕಲ್ಲು ಹಾಸಿದ್ದರು, ಅಲ್ಲಲ್ಲಿ ಸವೆದು ನುಣುಪಾದದ್ದು. ಕುರ್ಚಿ ಸಾಲದೆ ಜನ ಗೋಡೆಗೊರಗಿ ಕುಳಿತಿದ್ದರು. ಒಬ್ಬರೂ ಇನ್ನೊಬ್ಬರ ರೋಗ ಕೇಳುತ್ತಿರಲಿಲ್ಲ, ಊರು ಕೇಳುತ್ತಿದ್ದರು. “ಎಲ್ಲಿಂದ ಬಂದೀರಿ?” ಎಂದರೆ ಸಾಕು. ಸುಲೇಪೇಟ, ಚಿಂಚೋಳಿ, ಶಹಾಬಾದ. ಇಷ್ಟು ಊರುಗಳ ಹೆಂಗಸರು ಅಲ್ಲಿ ಸೆರಗು ಹೊದ್ದು ಸುಮ್ಮನೆ ಕುಳಿತಿದ್ದರು. ಎಲ್ಲರೂ ‘ಹೊಟ್ಟೆ ಸರಿಯಿಲ್ಲ’ ಎಂದೇ ಮನೆ ಬಿಟ್ಟವರಿರಬೇಕು.

ಪರೀಕ್ಷೆಗಳು ಮುಗಿದು ರಿಪೋರ್ಟು ಬಂದ ದಿನ ಡಾಕ್ಟರಮ್ಮ ನಮ್ಮನ್ನು ಒಳಗೆ ಕರೆದು, ಬಾಗಿಲು ಮುಂದೆ ಮಾಡಿ, ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡು ಕುಳಿತರು. ಕಲಬುರಗಿಯವರೇ. ನಮ್ಮ ಭಾಷೆಯಲ್ಲೇ ಹೇಳಿದರು.

“ಶಶಿಕಲಾ, ಅಂಡಾಶಯದ ಕ್ಯಾನ್ಸರ್ ಅದ. ಹೊಟ್ಟ್ಯಾಗೆಲ್ಲ ಸ್ವಲ್ಪ ಹರಡ್ಯದ. ಆದ್ರ ಇಲಾಜು ಅದ. ಮೊದಲ ಕೀಮೋ ಕೊಟ್ಟು ಸಣ್ಣದು ಮಾಡ್ತೀವಿ, ಆಮ್ಯಾಲ ಆಪರೇಷನ್, ಮತ್ತ ಕೀಮೋ. ಭಾಳ ಉದ್ದದ ಹಾದಿ. ನಾ ಸುಳ್ಳ ಹೇಳಲ್ಲ, ನೀ ಅಂಜಬ್ಯಾಡ.”

ನಮ್ಮ ಮನೆಯವರು ತಮ್ಮ ಅಂಗೈಗಳನ್ನು ನೋಡುತ್ತಿದ್ದರು. ನನಗೆ ಬದುಕುತ್ತೇನೋ ಇಲ್ಲವೋ ಎಂದು ಕೇಳಬೇಕೆನಿಸಿತು. ಶಾಲೆಯಲ್ಲಿ ಕಲಿತ ಸಭ್ಯತೆ ಅಲ್ಲೂ ಅಡ್ಡ ಬಂತು. ಅತ್ತೆ ಮಾತ್ರ ಕೇಳಿದರು. ಅವರು ಕೇಳಿದ್ದು ಬೇರೆಯೇ.

“ಅಮ್ಮಾರೆ, ಆಕಿಗಿ ಹಸಿವು ಆಗ್ದಿದ್ದು ಇದಕ್ಕೇನ್ರಿ?”

“ಹೌದಜ್ಜಿ. ನೀರು ತುಂಬ್ಯದ, ಗಡ್ಡಿ ಬೆಳದದ. ಊಟಕ್ಕ ಜಾಗಾನೇ ಇಲ್ಲ ಒಳಗ. ಎರಡು ತುತ್ತಿಗಿ ಹೊಟ್ಟಿ ತುಂಬಿದಂಗ ಆಗೋದು, ಉಬ್ಬೋದು, ಮ್ಯಾಲಿಂದ ಮ್ಯಾಲ ಒಂದಕ್ಕ ಹೋಗೋದು. ಈ ರೋಗ ಇಷ್ಟೇ ಸದ್ದು ಮಾಡ್ತದ. ಯಾರೂ ಕೇಳಿಸ್ಕೊಳಲ್ಲ.”

ಅತ್ತೆ ತಲೆಯಾಡಿಸಿದರು. ಹಿಂತಿರುಗುವಾಗ ರೈಲು ಚಿತ್ತಾಪುರ ಬಿಟ್ಟ ಮೇಲೆ, ಕಿಟಕಿಯ ಹೊರಗಿನ ತೊಗರಿ ಹೊಲಗಳ ಕಡೆ ಮುಖ ಮಾಡಿ, ತಮಗೆ ತಾವೇ ಎನ್ನುವಂತೆ ಹೇಳಿದರು.

“ಊರೆಲ್ಲಾ ಹೇಳ್ಕೋತ ತಿರುಗಿದ್ನಲ್ಲ ನಾ. ಶಿವ ಒಲದಾನ ಅಂತ.”

“ನಾನೂ ಹಂಗೇ ತಿಳಿದಿದ್ದೆ ಅಲ್ರಿ ಅತ್ತಿ.”

“ನಿಂಗ ಗೊತ್ತಿರಲಿಲ್ಲ. ನಾ ನಾಲ್ಕು ಹಡದಾಕಿ. ನಂಗ ತಿಳೀಬೇಕಿತ್ತು.”

ಅವರ ಕೈ ಹಿಡಿದೆ. ಒರಟು ಕೈ, ರೊಟ್ಟಿ ಬಡಿದು ಬಡಿದು ಬೆರಳ ತುದಿ ಸಪಾಟಾದದ್ದು. ಬಿಡಿಸಿಕೊಳ್ಳಲಿಲ್ಲ.

ಮೊದಲು ಹೊಟ್ಟೆಯ ನೀರು ತೆಗೆದರು. ಸೂಜಿ ಚುಚ್ಚಿ, ಒಂದು ಕೊಳವೆಯಿಂದ ಕ್ಯಾನಿಗೆ ಬಿಟ್ಟರು. ತೊಗರಿಬೇಳೆ ಬೇಯಿಸಿದ ಕಟ್ಟಿನ ಬಣ್ಣ. ಅದು ಇಳಿಯುತ್ತಿದ್ದಂತೆ ಉಸಿರು ಒಳಗೊಳಗೆ ಅಗಲವಾಗುತ್ತ ಹೋಯಿತು. ಸ್ವಲ್ಪ ಹೊತ್ತಿನ ಮೇಲೆ ಹೊಟ್ಟೆಯಲ್ಲಿ ಎಲ್ಲೋ ಒಂದು ಕಡೆ ಚುರುಗುಟ್ಟಿತು. ನಾನು ಹೆದರಿ ನರ್ಸನ್ನು ಕರೆದೆ.

“ಏನಾಯ್ತ್ರಿ?”

“ಇಲ್ಲಿ ಏನೋ ಆಗ್ಲಿಕತ್ತದ.”

ಆಕೆ ಕೈಯಿಟ್ಟು ನೋಡಿ, ನನ್ನ ಮುಖ ನೋಡಿ, ನಕ್ಕಳು. “ಹಸಿವ್ರಿ ಅಕ್ಕೋರೆ ಅದು. ಬಾಳೆಹಣ್ಣು ತಿನ್ರಿ.” ಬಾಳೆಹಣ್ಣನ್ನು ಪೂರ್ತಿ ತಿಂದೆ. ಅಂಥ ರುಚಿಯನ್ನು ನಾನು ಅದಕ್ಕೂ ಮುಂಚೆ ಕಂಡಿರಲಿಲ್ಲ.

ಕೀಮೋ ಎಂದರೆ ಉರಿಯುವ ಬಣ್ಣದ ಯಾವುದೋ ವಿಷ ಎಂದುಕೊಂಡಿದ್ದೆ. ನನಗೆ ಕೊಟ್ಟದ್ದು ನೀರಿನಷ್ಟು ತಿಳಿಯಾಗಿತ್ತು. ತೊಟ್ಟು ತೊಟ್ಟಾಗಿ ಇಳಿಯುವುದನ್ನು ನೋಡುತ್ತ ಇದು ಯಾವ ಮೂಲೆಗೆ ಹೋಗಿ ಯಾರನ್ನು ಹುಡುಕುತ್ತದೆ, ಹೇಗೆ ಗುರುತು ಹಿಡಿಯುತ್ತದೆ ಎಂದು ಯೋಚಿಸುತ್ತಿದ್ದೆ. ಪಕ್ಕದ ಹಾಸಿಗೆಯಲ್ಲಿ ಕುಂಚಾವರಂ ಕಡೆಯ ಒಬ್ಬ ಹೆಂಗಸು ಇದ್ದಳು. ಮಾತಿನಲ್ಲಿ ಅರ್ಧ ತೆಲುಗು. ನನಗೆ ವಾಕರಿಕೆ ಬಂದಾಗ ತನ್ನ ಸೆರಗಿನ ಗಂಟು ಬಿಚ್ಚಿ ಒಂದು ನಿಂಬೆಹಣ್ಣು ಕೈಗಿಟ್ಟಳು. “ಮೂಸ್ತಾ ಇರಮ್ಮಾ, ಅದೇ ಮಂದು, ಅದೇ ಔಷಧಿ.” ಉಗುರಿನಿಂದ ಗೀರಿದ ಆ ನಿಂಬೆಯ ವಾಸನೆ ಹಿಡಿದುಕೊಂಡು ಆ ದಿನ ಕಳೆದೆ. ಅವಳ ಹೆಸರು ಕೇಳುವುದನ್ನೂ ಮರೆತೆ. ಮುಂದಿನ ಸಲ ಆ ಹಾಸಿಗೆಯಲ್ಲಿ ಬೇರೆಯವರಿದ್ದರು.

ಕೂದಲು ಉದುರುತ್ತದೆ ಎಂದಿದ್ದರು, ಆದರೆ ದಿಂಬಿನ ಮೇಲೆ ಒಂದು ಎಳೆಯೂ ಕಾಣುತ್ತಿರಲಿಲ್ಲ. ನನ್ನದು ಗಟ್ಟಿ ಕೂದಲು ಎಂದು ಹೆಮ್ಮೆಪಟ್ಟೆ. ಒಂದು ಮುಂಜಾನೆ ಎಚ್ಚರವಾಗಿಯೂ ಕಣ್ಣು ಮುಚ್ಚಿ ಮಲಗಿದ್ದಾಗ, ಅತ್ತೆ ಸದ್ದಿಲ್ಲದೆ ಬಂದು ದಿಂಬಿನ ಮೇಲಿನ ಕೂದಲನ್ನು ಬೆರಳಿಂದ ಒಂದೊಂದಾಗಿ ಆರಿಸಿ ಮುಷ್ಟಿಯಲ್ಲಿ ಮುಚ್ಚಿಕೊಂಡು ಹೋದರು. ನಾನು ನೋಡಿದ್ದು ಅವರಿಗೆ ಇಂದಿಗೂ ಗೊತ್ತಿಲ್ಲ. ಇದನ್ನು ಓದಿದರೆ ಗೊತ್ತಾಗುತ್ತದೆ.

ಬೆರಳ ತುದಿಗಳು ಜೋಮು ಹಿಡಿದವು. ಇಂದಿಗೂ ಪೂರ್ತಿ ಬಿಟ್ಟಿಲ್ಲ. ಹಿಟ್ಟು ಎಷ್ಟು ತೆಳುವಾಯಿತೆಂದು ಬೆರಳಿಗೆ ತಿಳಿಯದಿದ್ದರೆ ರೊಟ್ಟಿ ಬಡಿಯಲಾಗುವುದಿಲ್ಲ, ನಡುವೆ ಹರಿದುಬಿಡುತ್ತದೆ. ಎಷ್ಟೋ ವರ್ಷಗಳ ಹಿಂದೆಯೇ ಒಲೆ ಬಿಟ್ಟಿದ್ದ ಅತ್ತೆ ಮತ್ತೆ ಹಿಟ್ಟು ನಾದುವ ಕೊಣಮಿಗೆಯ ಮುಂದೆ ಕುಳಿತರು. “ನನ್ನ ಸೊಸಿ ಹೊಟ್ಟಿ ತುಂಬ ತಿನ್ನೋ ಕಾಲಕ್ಕ ನಾನೇ ಬಡೀಬೇಕು, ಅದು ನನ್ನ ಹಣೀಬರಹ” ಎಂದು ಬೈಯುತ್ತಲೇ ಬಡಿದರು.

ಆಪರೇಷನ್ನಿಗೆ ಮುಂಚೆ ಡಾಕ್ಟರಮ್ಮ ಸ್ನೇಹಾಳನ್ನೂ ಕೂಡಿಸಿಕೊಂಡು ಮಾತಾಡಿದರು. ನಮ್ಮವ್ವನ ಸಾವಿನ ವಿಷಯ ಆಗ ಹೇಳಿದೆ. ಈ ಕಾಯಿಲೆ ಕೆಲವು ಮನೆಗಳಲ್ಲಿ ತಾಯಿಯಿಂದ ಮಗಳಿಗೆ ಇಳಿಯಬಹುದು, ಹಾಗಾಗಿ ನನ್ನ ರಕ್ತ ಪರೀಕ್ಷೆ ಮಾಡಿಸಿ ನೋಡೋಣ ಎಂದರು. ಸ್ನೇಹಾ ಧೈರ್ಯದ ಹುಡುಗಿ. ಕೇಳಬೇಕಾದ್ದೆಲ್ಲ ಕೇಳಿದಳು. ಕೊನೆಗೆ ನಾನು ಒಂದು ಮಾತು ಕೇಳಿದೆ: ಅಂಡಾಶಯ ಎಷ್ಟು ದೊಡ್ಡದಿರುತ್ತದೆ?

“ಒಂದು ಬಾದಾಮಿಯಷ್ಟು. ಒಂದು ವಿಚಿತ್ರ ಗೊತ್ತದೇನು ನಿಮಗ? ಹೆಣ್ಣುಕೂಸು ತಾಯಿ ಹೊಟ್ಟ್ಯಾಗ ಇರೂಮುಂದೇ ಅದರ ಅಂಡಾಣು ಎಲ್ಲಾ ತಯಾರಾಗಿರ್ತಾವ. ಸ್ನೇಹಾ ಆದಳಲ್ಲ ಯಾ ಅಂಡಾಣುನಿಂದ, ಅದು ನಿಮ್ಮವ್ವನ ಹೊಟ್ಟ್ಯಾಗ ನೀವಿದ್ದಾಗೇ ಇತ್ತು.”

ನಾನು ಸ್ನೇಹಾಳ ಕಡೆ ತಿರುಗಿದೆ. ನನ್ನ ಮಗಳ ಮುಖ ನೋಡದೆ ಸತ್ತಳಲ್ಲ ಎಂದು ಅವ್ವನಿಗಾಗಿ ಎಷ್ಟು ವರ್ಷ ಅತ್ತಿದ್ದೆ. ಅವಳು ಸ್ನೇಹಾಳನ್ನು ಹೊತ್ತುಕೊಂಡೇ ವಾಡಿಯ ಪ್ಲಾಟ್‌ಫಾರಂ ಮೇಲೆ ಓಡಾಡಿದ್ದಳು. ನಮ್ಮನ್ನು ಕೊಲ್ಲಲು ಬಂದದ್ದು, ನಮ್ಮನ್ನು ಹುಟ್ಟಿಸಿದ್ದು, ಎರಡೂ ಆ ಬಾದಾಮಿಯಷ್ಟು ಜಾಗದಲ್ಲೇ. ಇಂಥದ್ದನ್ನು ಮಾಡಿದವನು ಯಾರೇ ಇರಲಿ, ಅವನ ಮುಂದೆ ಸಿಟ್ಟಾಗುವುದೂ ನನಗೆ ಸಾಧ್ಯವಾಗಲಿಲ್ಲ.

ಆಪರೇಷನ್ ದಿನ ನರ್ಸು ಬಂದು ಮೈಮೇಲಿನದೆಲ್ಲ ತೆಗೆಯಬೇಕೆಂದಳು. ಬಳೆ, ತಾಳಿ, ಮೂಗುಬೊಟ್ಟು ತೆಗೆದೆ. ಕೊರಳಿನ ಲಿಂಗಕ್ಕೆ ಕೈ ಹೋಗಿ ನಿಂತಿತು. ಅದು ಮೈ ಬಿಟ್ಟು ಇರಬಾರದು. ಹುಟ್ಟಿದಾಗ ಕಟ್ಟಿದ್ದು, ಮಣ್ಣಿಗೆ ಹೋಗುವಾಗಲೂ ಜೊತೆಗೇ ಬರುವಂಥದ್ದು. ಈ ಪದ್ಧತಿಯಲ್ಲಿ ಅತ್ತೆಯಷ್ಟು ಕಟ್ಟುನಿಟ್ಟಿನವರು ನಮ್ಮ ಬಳಗದಲ್ಲಿ ಇಲ್ಲ. ಒಮ್ಮೆ ಸ್ನಾನದ ಮನೆಯಲ್ಲಿ ದಾರ ಸಡಿಲಾಗಿದ್ದಕ್ಕೆ ನನ್ನೊಂದಿಗೆ ದಿನವಿಡೀ ಮಾತು ಬಿಟ್ಟಿದ್ದರು. ನಾನು ಅವರ ಕಡೆ ನೋಡಿದೆ. ನರ್ಸೂ ನೋಡಿದಳು.

“ಅಜ್ಜಿ, ಒಳಗ ಬಿಡಲ್ರಿ.”

ಅತ್ತೆ ಹತ್ತಿರ ಬಂದರು. ತಾವೇ ಗಂಟು ಬಿಚ್ಚಿದರು. ಕಣ್ಣಿಗೊತ್ತಿಕೊಂಡು ತಮ್ಮ ಕೊರಳಿಗೆ, ತಮ್ಮ ಲಿಂಗದ ಪಕ್ಕಕ್ಕೆ ಕಟ್ಟಿಕೊಂಡರು.

“ನೀ ಬರೋತನ ನಿಂದೂ ನಾನೇ ಇಟಗೊಂಡಿರ್ತೀನಿ. ಬಂದು ಇಸ್ಕೋ. ಇಸ್ಕೊಳ್ಳಿಲ್ಲ ಅಂದ್ರ ನೋಡು ಮತ್ತ.”

ಬೆದರಿಕೆ ಹಾಕುವಂತೆ ಹೇಳಿದರು. ಆಮೇಲೆ ನಮ್ಮ ಮನೆಯವರು ಹೇಳಿದ್ದು, ಆಪರೇಷನ್ ಮುಗಿಯುವವರೆಗೂ ಅತ್ತೆ ಎರಡೂ ಲಿಂಗಗಳನ್ನು ಅಂಗೈಯಲ್ಲಿ ಮುಚ್ಚಿ ಹಿಡಿದು ಕುಳಿತಿದ್ದರಂತೆ. ನೀರು ಕುಡಿಯಲೂ ಕೈ ಬಿಚ್ಚಲಿಲ್ಲವಂತೆ. ಒಳಗೆ ಅರಿವಳಿಕೆ ಏರುವಾಗ ಶಿವಸ್ಮರಣೆ ಮಾಡಬೇಕೆಂದಿದ್ದೆ. ಬಾಯಿಗೆ ಬಂದದ್ದು ಶಾಲೆಯ ಬೆಳಗಿನ ಪ್ರಾರ್ಥನೆ. ಯಾರಿಗೆ ಮುಟ್ಟಬೇಕೋ ಅವರಿಗೆ ಮುಟ್ಟಿರಬೇಕು.

ಎಚ್ಚರವಾದಾಗ ಮೊದಲು ಕಂಡದ್ದು ಡಾಕ್ಟರಮ್ಮನ ಕೈ. ಸಣ್ಣ ಕೈ, ಉಗುರು ಗಿಡ್ಡ. ಅಷ್ಟು ಹೊತ್ತು ನನ್ನೊಳಗೆ ಇದ್ದು ಬಂದ ಕೈ. “ಕಣ್ಣಿಗಿ ಕಾಣೋದೆಲ್ಲಾ ತಗದೀವಿ” ಎಂದರು. ಕಾಣದ್ದು? ಆ ಪ್ರಶ್ನೆಯೊಂದಿಗೆ ಬದುಕಲು ಕಲಿಯುತ್ತಿದ್ದೇನೆ. ಉಳಿದ ಕೀಮೋಗಳೂ ಮುಗಿದವು. ಈಗ ಮೂರು ತಿಂಗಳಿಗೊಮ್ಮೆ ಹೋಗಿ ತೋರಿಸಬೇಕು. ನನ್ನ ಆಯುಷ್ಯ ಮೂರು ಮೂರು ತಿಂಗಳಾಗಿ ಸಿಗುತ್ತಿದೆ. ಅಷ್ಟೂ ಸಿಗುತ್ತಿದೆಯಲ್ಲ ಎಂದು ಬೆಳಿಗ್ಗೆ ಕಸ ಗುಡಿಸುವಾಗಲೂ ಅನಿಸುತ್ತದೆ.

ಮರುವರ್ಷ ಶ್ರಾವಣ ಬಂತು. ನನಗೆ ಒಪ್ಪತ್ತು ಬೇಡವೆಂದು ಅತ್ತೆ ಕಡ್ಡಿ ಮುರಿದಂತೆ ಹೇಳಿದರು. ಮಠಕ್ಕೆ ಕರೆದೊಯ್ದರು. ಹೋದವರು ತಮ್ಮ ಜಾಗದಲ್ಲಿ ಕೂಡಲಿಲ್ಲ. ಹೆಂಗಸರ ಸಾಲಿನಲ್ಲಿ ಒಬ್ಬೊಬ್ಬರ ಮುಂದೆ ಬಾಗಿ ನಿಂತು ಕೇಳತೊಡಗಿದರು.

“ನಿಂಗ ಹಸಿವ್ಯಾಗ್ಯದೇನ? ಖರೇ ಹೇಳು.”

ಹುಡುಗಿಯರು ಮುಸಿಮುಸಿ ನಕ್ಕರು. ಒಬ್ಬಳು ಅಂದಳು, “ಅಜ್ಜಿ, ಒಪ್ಪತ್ತಿನ ದಿನ ಹಸಿವ್ಯಾಗ್ಯದೇನ ಅಂತ ಕೇಳ್ತಾರೇನ್ರಿ? ಪಾಪ ಬರ್ತದ.”

“ಪಾಪ ನಂಗ ಬರ್ಲಿ. ನೀ ಹೇಳು.”

“ಆಗ್ಯದ್ರಿ. ಭಾಳ ಆಗ್ಯದ.”

“ಚಲೋ ಆಯ್ತು. ಕುಂದ್ರು.”

ಹಾಗೇ ಬರುತ್ತ ಮಲ್ಲಮ್ಮನ ಮುಂದೆ ನಿಂತರು. ಬೆಕ್ಕು ಒದರುತ್ತದೆ ಎಂದಿದ್ದ ಮಲ್ಲಮ್ಮ ಈ ಸಲ ನಗಲಿಲ್ಲ.

“ಇತ್ಲಾಗ ಊಟಾ ಸೇರವಲ್ದ್ರಿ ಅಜ್ಜೇರೆ. ಹೊಟ್ಟಿ ಉಬ್ಬಿದಂಗ ಇರ್ತದ. ಬಿಸಲಿಗಿ ಅಂತ ಬಿಟ್ಟೀನಿ.”

“ಎಷ್ಟ್ ದಿನಾತು?”

“ಒಂದ್ ತಿಂಗಳಾತೇನೋ.”

ಅತ್ತೆ ಅವಳ ತೋಳು ಹಿಡಿದವರು ಬಿಡಲಿಲ್ಲ. ನನ್ನ ಕಡೆ ತಿರುಗಿ, “ಹೇಳು ಇವರಿಗಿ” ಎಂದರು. ನಡುವೆ ಒಂದು ಹಗ್ಗ ಬಿಟ್ಟರೆ ಆಚೆ ಗಂಡಸರ ಸಾಲು. ನಾನು ಎದ್ದು ನಿಂತೆ. ನಿಧಾನಕ್ಕೆ ಹೇಳಿದೆ. ಗರ್ಭಚೀಲದ ಅಕ್ಕಪಕ್ಕ ಅಂಡಾಶಯ ಇರುತ್ತದೆ ಎಂದೆ. ಎದೆಯ ಗಂಟಿನಂತೆ ಅದು ಕೈಗೆ ಸಿಗುವುದಿಲ್ಲ ಎಂದೆ. ಎರಡು ತುತ್ತಿಗೇ ಹೊಟ್ಟೆ ತುಂಬಿದರೆ, ಕಿಬ್ಬೊಟ್ಟೆ ಉಬ್ಬಿಯೇ ಇದ್ದರೆ, ಸುಮ್ಮ ಸುಮ್ಮನೆ ಒಂದಕ್ಕೆ ಹೋಗುವಂತಾದರೆ, ವಾರ ಎರಡು ವಾರವಾದರೂ ಬಿಡದಿದ್ದರೆ, ಹೊಟ್ಟೆ ಸರಿಯಿಲ್ಲ ಎನ್ನಬೇಡಿ, ಇಷ್ಟೂ ಬಿಡಿಸಿ ಹೇಳಿ, ಸ್ಕ್ಯಾನ್ ಬೇಕೇ ಎಂದು ಕೇಳಿ ಎಂದೆ. ಅದು ಬಹಳ ಸಲ ಬರೀ ಪಿತ್ತವೇ ಇರುತ್ತದೆ. ಇರಲಿ, ಕೇಳಿ. ಹಗ್ಗದ ಆಚೆ ಯಾರೂ ಕೆಮ್ಮಲಿಲ್ಲ. ಪುರಾಣ ಅಂದು ತಡವಾಗಿ ಶುರುವಾಯಿತು.

ನನ್ನ ತಪಾಸಣೆಯ ದಿನವೇ ಮಲ್ಲಮ್ಮನನ್ನೂ ಕಲಬುರಗಿಗೆ ಕರೆದೊಯ್ದೆವು. ಸ್ಕ್ಯಾನಿಗೆ ಮೂತ್ರಚೀಲ ತುಂಬಿರಬೇಕು, ಅದಕ್ಕೆ ನೀರು ಕುಡಿಸುತ್ತಾರೆ. ಬೆಂಚಿನ ಮೇಲೆ ಕಾಲು ಕುಣಿಸುತ್ತ ಕುಳಿತಿದ್ದಳು.

“ಅಕ್ಕಾ, ಇನ್ನೊಂದು ಗಿಲಾಸು ಕುಡದ್ರ ಇಲ್ಲೇ ಕಾಗಿಣಾ ಹರೀತದ ನೋಡ್ರಿ.”

ನಗುತ್ತಿದ್ದಳು. ಅವಳ ಕೈ ಮಾತ್ರ ಸೆರಗಿನ ಅಂಚನ್ನು ಸುತ್ತುತ್ತಲೇ ಇತ್ತು. ಮೊದಲು ನನ್ನನ್ನು ಕರೆದರು. ಡಾಕ್ಟರಮ್ಮ ರಕ್ತದ ರಿ‍ಪೋರ್ಟು ನೋಡಿ, ಹೊಟ್ಟೆ ಒತ್ತಿ, “ಚಂದ ಅದ. ಮೂರು ತಿಂಗಳು ಬಿಟ್ಟು ಬರ್ರಿ” ಎಂದರು. ನನ್ನ ಪಾಲಿನದು ಸಿಕ್ಕಿತು. ಕೈಮುಗಿದು ಹೊರಬಂದೆ. ಆಮೇಲೆ ಮಲ್ಲಮ್ಮ ಸ್ಕ್ಯಾನಿಗೆ ಒಳಗೆ ಹೋದಳು. ನನ್ನ ಸರದಿಗೆ ಇಲ್ಲದ ಹೆದರಿಕೆ ಆಗ ಬಂತು. ಅವಳನ್ನು ಕರೆತಂದವಳು ನಾನು. ಬಾಗಿಲ ಹಿಂದೆ ಮಾತು ನಿಲ್ಲುತ್ತದೆಯೇ ಎಂದು ಕಿವಿಯಾಗಿ ಕುಳಿತೆ. ಅತ್ತೆಯೂ ನನ್ನ ಪಕ್ಕದಲ್ಲಿ ಬಾಗಿಲ ಕಡೆಗೇ ಮುಖ ಮಾಡಿ ಕುಳಿತಿದ್ದರು. ಒಳಗೆ ಮಾತು ನಿಲ್ಲಲಿಲ್ಲ.

ರಿಪೋರ್ಟು ಹಿಡಿದು ಮೂವರೂ ಡಾಕ್ಟರಮ್ಮನ ಮುಂದೆ ನಿಂತೆವು.

“ಎರಡೂ ಅಂಡಾಶಯ ಚಂದ ಅವ. ಗರ್ಭಚೀಲ ಚಂದ ಅದ. ಹೊತ್ತಿಗಿ ಉಣ್ಣಲ್ಲ, ಚಾ ಭಾಳ ಕುಡೀತಿ. ಅದಕ್ಕ ಪಿತ್ತ ಆಗ್ಯದ. ಗುಳಿಗಿ ಕೊಡ್ತೀನಿ.”

“ಅಷ್ಟೇನ್ರಿ?”

“ಅಷ್ಟೇ. ಏನಿಲ್ಲ.”

ಹೊರಗೆ ಬರುತ್ತಲೇ ಮಲ್ಲಮ್ಮನಿಗೆ ಸಿಟ್ಟು ಬಂತು.

“ಏನಿಲ್ಲಂತ. ಒಂದಿನದ ಕೆಲಸ ಹೋಯ್ತು. ಇಷ್ಟಕ್ಕ ಅತ್ತಿ ಸೊಸಿ ಕೂಡಿ ನನ್ನ ಜೀವಾ ತಿಂದ್ರಿ.”

“ತಿಂತೀವಿ” ಎಂದರು ಅತ್ತೆ. “ಮತ್ತ ಉಬ್ಬಿತಂದ್ರ ಮತ್ತ ತಿಂತೀವಿ.”

ಮಲ್ಲಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಗೊಣಗುತ್ತ, ಜನರ ನಡುವೆ ದಾರಿ ಮಾಡಿಕೊಂಡು ಗೇಟಿನ ಕಡೆ ದಾಪುಗಾಲಿಟ್ಟಳು. ನಾನು ಅಲ್ಲೇ ನಿಂತೆ. ಆ ಹಾಲಿನಲ್ಲಿ ಕುಳಿತ ಪ್ರತಿಯೊಬ್ಬರೂ ಕಾಯುತ್ತಿದ್ದ ಎರಡು ಮಾತು, ‘ಅಷ್ಟೇ, ಏನಿಲ್ಲ’, ಅವಳಿಗೆ ಸಿಕ್ಕಿತ್ತು. ಅದನ್ನು ಅವಳು ಒಂದು ದಿನ ಹಾಳಾಯಿತೆಂದು ಬೈಯುತ್ತ ಹೊತ್ತುಕೊಂಡು ಹೋಗುತ್ತಿದ್ದಳು, ತನ್ನ ಕೈಯಲ್ಲಿ ಏನಿದೆ ಎಂಬುದೇ ಗೊತ್ತಿಲ್ಲದೆ. ಅವಳಿಗೆ ಅದು ಎಂದೂ ಗೊತ್ತಾಗದಿರಲಿ ಎಂದುಕೊಂಡೆ. ಬಿಸಿಲಿನಲ್ಲಿ ಅವಳ ಬೆನ್ನು, ಬೀಸುವ ತೋಳು, ಒಂದಿಷ್ಟೂ ಅನುಮಾನವಿಲ್ಲದ ಆ ನಡಿಗೆ. ಇಷ್ಟು ಚಂದದ್ದನ್ನು ನಾನು ಬಹಳ ದಿನಗಳಿಂದ ನೋಡಿರಲಿಲ್ಲ.

ಗೇಟಿನ ಹತ್ತಿರ ಹೋಗಿ ಅವಳು ತಿರುಗಿದಳು.

“ಏನ್ ನೋಡ್ಲಿಕತ್ತೀರಿ ಅಕ್ಕಾ ಹಂಗ? ನಡೀರಿ ಜಲ್ದಿ, ಗಾಡಿ ತಪ್ತದ.”